ಶರಬತ್ತಿನ ಸಿರಪ್ಪು ಮನೆಯಲ್ಲೇ: ಸಾದಾ ಸಕ್ಕರೆ ನೀರಿನಿಂದ ಪುನರ್ಪುಳಿಯವರೆಗೆ

ಬೇಸಿಗೆ ಬಂತೆಂದರೆ ಓದುಗರಿಂದ ಬರುವ ಪ್ರಶ್ನೆಗಳು ಪ್ರತಿ ವರ್ಷವೂ ಒಂದೇ ಬಗೆಯವು. ಮನೆಯಲ್ಲಿ ಮಾಡಿದ ಸಿರಪ್ಪು ಶೀಶೆಯ ತಳದಲ್ಲಿ ಕಲ್ಲುಸಕ್ಕರೆಯಂತೆ ಕಟ್ಟಿಕೊಂಡದ್ದೇಕೆ, ತಿಂಗಳು ತುಂಬುವ ಮೊದಲೇ ಮೇಲೆ ಬೂಷ್ಟು ಬಂದದ್ದೇಕೆ, ಸೊಗದೆ ಬೇರನ್ನು ಅಷ್ಟು ಹೊತ್ತು ಕುದಿಸಿದರೂ ಪರಿಮಳ ಬಾರದ್ದೇಕೆ ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೆ ಉತ್ತರ ಬರೆಯುವುದಕ್ಕಿಂತ ಎಲ್ಲವನ್ನೂ ಒಂದೇ ಕಡೆ ಬರೆದಿಡುವುದು ಒಳ್ಳೆಯದೆಂದು ಈ ಲೇಖನ.

ಮೊದಲೇ ಹೇಳಿಬಿಡುತ್ತೇನೆ: ನಮ್ಮಲ್ಲಿ ಸಿರಪ್ಪು ಕೆಡಿಸುವವರಲ್ಲಿ ಹೆಚ್ಚಿನವರು ಚೆನ್ನಾಗಿ ಸಿಹಿತಿಂಡಿ ಮಾಡಬಲ್ಲವರೇ. ಹೋಳಿಗೆ, ಬರ್ಫಿ, ಲಾಡು ಮಾಡಿ ಪಳಗಿದ ಕೈ ಸಕ್ಕರೆ ನೀರು ಕಂಡ ಕೂಡಲೇ ಬೆರಳಿನ ನಡುವೆ ಎಳೆ ಬರುತ್ತದೆಯೇ ಎಂದು ನೋಡುತ್ತದೆ. ಎಳೆ ಬರುವ ಹೊತ್ತಿಗೆ, ತಣ್ಣಗಾದ ಮೇಲೆ ನೀರು ಹಿಡಿದಿಟ್ಟುಕೊಳ್ಳಬಲ್ಲ ಸಕ್ಕರೆಗಿಂತ ಹೆಚ್ಚು ಸಕ್ಕರೆ ಆ ಪಾತ್ರೆಯಲ್ಲಿರುತ್ತದೆ. ಲಾಡಿಗೆ ಅದು ಬೇಕು, ಶೀಶೆಗೆ ಬೇಡ. ಕುಡಿಯುವ ಸಿರಪ್ಪಿನ ಹದವನ್ನು ತಕ್ಕಡಿಯಲ್ಲಿ ನೋಡಬೇಕು.

ಕೆಲವು ಮಾತುಗಳ ಅರ್ಥ

ಈ ಲೇಖನದಲ್ಲಿ ಸಿರಪ್ಪು ಎಂದರೆ ತಣ್ಣಗಾದ ಮೇಲೂ ಸುರಿಯುವಂತಿರುವ, ನೀರು ಅಥವಾ ಸೋಡಾ ಸೇರಿಸಿ ಕುಡಿಯುವ ಸಕ್ಕರೆ ದ್ರಾವಣ. ಪಾಕ ಎಂಬ ಮಾತನ್ನು ತಿಂಡಿಗೆ ಕಾಸುವ ಎಳೆಪಾಕಕ್ಕೆ ಮಾತ್ರ ಬಳಸುತ್ತೇನೆ. ಬ್ರಿಕ್ಸ್ ಎಂಬುದು ನೂರು ಗ್ರಾಂ ದ್ರಾವಣದಲ್ಲಿ ಎಷ್ಟು ಗ್ರಾಂ ಸಕ್ಕರೆ ಇದೆ ಎಂದು ಹೇಳುವ ಅಳತೆ. 65 ಬ್ರಿಕ್ಸ್ ಎಂದರೆ ನೂರರಲ್ಲಿ 65 ಗ್ರಾಂ ಸಕ್ಕರೆ, ಉಳಿದದ್ದು ನೀರು. ತೆಳು ಸಿರಪ್ಪು ಎಂದರೆ ಸಕ್ಕರೆ, ನೀರು ಸಮತೂಕದಲ್ಲಿರುವ 50 ಬ್ರಿಕ್ಸಿನದು. ಗಟ್ಟಿ ಸಿರಪ್ಪು ಎಂದರೆ 64–65 ಬ್ರಿಕ್ಸಿನದು.

ಗಟ್ಟಿ ಸಿರಪ್ಪಿಗೆ ಹೆಚ್ಚಿನ ಪುಸ್ತಕಗಳು ಎರಡು ಪಾಲು ಸಕ್ಕರೆಗೆ ಒಂದು ಪಾಲು ನೀರು ಎನ್ನುತ್ತವೆ. ಲೆಕ್ಕ ಹಾಕಿದರೆ ಅದು 66.7 ಬ್ರಿಕ್ಸ್ ಆಗುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರು ಕರಗಿಸಿಕೊಳ್ಳಬಲ್ಲ ಸಕ್ಕರೆಯ ಮೇರೆಯೂ ಸುಮಾರು ಅಷ್ಟೇ. ಫ್ರಿಜ್ಜಿನ ತಂಪಿನಲ್ಲಿ ಆ ಮೇರೆ 65ಕ್ಕೂ ಸ್ವಲ್ಪ ಕೆಳಗಿಳಿಯುತ್ತದೆ. ಆದ್ದರಿಂದ ಎರಡಕ್ಕೆ ಒಂದರ ಸಿರಪ್ಪನ್ನು ಫ್ರಿಜ್ಜಿಗೆ ಸೇರಿಸಿದವರಿಗೆ ವಾರ ಕಳೆಯುವುದರೊಳಗೆ ಹರಳು ಕಾಣಿಸಿದರೆ ಅದು ಅವರ ಕೈಯ ತಪ್ಪಲ್ಲ, ಅಳತೆಯ ತಪ್ಪು. ನಾನು ಒಂದು ಕಿಲೋ ಸಕ್ಕರೆಗೆ 550 ಗ್ರಾಂ ನೀರು ಹಿಡಿಯುತ್ತೇನೆ. ಅದು 64.5 ಬ್ರಿಕ್ಸಿಗೆ ನಿಲ್ಲುತ್ತದೆ. ಹರಳೂ ಕಟ್ಟುವುದಿಲ್ಲ, ಸುಲಭವಾಗಿ ಕೆಡುವುದೂ ಇಲ್ಲ.

ಬೇಕಾಗುವ ಸಾಮಾನು

ಎಲೆಕ್ಟ್ರಾನಿಕ್ ತಕ್ಕಡಿಯೊಂದು ಕಡ್ಡಾಯ. ಲೋಟದ ಅಳತೆ ಇಲ್ಲಿ ಮೋಸ ಮಾಡುತ್ತದೆ: 240 ಮಿಲಿಲೀಟರಿನ ಒಂದು ಕಪ್ಪಿನಲ್ಲಿ ಸಕ್ಕರೆ ಸುಮಾರು 200 ಗ್ರಾಂ ಹಿಡಿಯುತ್ತದೆ, ನೀರು 240 ಗ್ರಾಂ ಹಿಡಿಯುತ್ತದೆ, ಒಂದಕ್ಕೊಂದು ಕಪ್ಪು ಎಂದು ಹಾಕಿದವರ ಸಿರಪ್ಪು 50ರ ಬದಲು 45 ಬ್ರಿಕ್ಸಿಗೇ ನಿಂತು ಬೇಗ ಕೆಡುತ್ತದೆ. ನೀರನ್ನೂ ತೂಗಬಹುದು, ಒಂದು ಲೀಟರ್ ನೀರು ಒಂದು ಕಿಲೋ.

ದಪ್ಪ ತಳದ ಸ್ಟೀಲ್ ಪಾತ್ರೆ, ಅದಕ್ಕೆ ಸರಿಯಾಗಿ ಕೂರುವ ಮುಚ್ಚಳ, ಒಣಗಿದ ಮರದ ಸೌಟು, ತೊಳೆದು ಬಿಸಿಲಿಗೆ ಒಣಗಿಸಿದ ತೆಳು ಬಿಳಿ ಬಟ್ಟೆ, ಗಾಜಿನ ಶೀಶೆಗಳು ಬೇಕು. ಹುಳಿ ಹಣ್ಣಿನ ಕೆಲಸಕ್ಕೆ ಅಲ್ಯುಮಿನಿಯಂ, ಕಬ್ಬಿಣ, ಕಲಾಯಿ ಇಲ್ಲದ ಹಿತ್ತಾಳೆ ಇವುಗಳ ಹತ್ತಿರ ಹೋಗಬೇಡಿ. ಹುಳಿ ಲೋಹವನ್ನು ಕರಗಿಸಿಕೊಂಡು ರುಚಿಯನ್ನೂ ಬಣ್ಣವನ್ನೂ ಕೆಡಿಸುತ್ತದೆ.

ನೀರು ಬಾವಿಯದಾಗಲಿ, ನಮ್ಮ ಕಾಸರಗೋಡಿನ ಗುಡ್ಡೆಗಳ ಮುರಕಲ್ಲನ್ನು ಕೊರೆದು ತೆಗೆದ ಸುರಂಗದ್ದಾಗಲಿ, ನಳ್ಳಿಯದಾಗಲಿ, ಮೊದಲು ಕುದಿಸಿ ಆರಿಸಿ ತಿಳಿಯನ್ನು ಮಾತ್ರ ಬಳಸಿ. ಸುರಂಗದ ನೀರಿನ ರುಚಿಗೆ ಸಾಟಿಯಿಲ್ಲವೆಂದು ನಂಬುವವರಲ್ಲಿ ನಾನೂ ಒಬ್ಬ, ಆದರೂ ಕುದಿಸಿಯೇ ಬಳಸುತ್ತೇನೆ. ಸಕ್ಕರೆ ಬಿಳಿಯದಿದ್ದಷ್ಟೂ ಸಿರಪ್ಪು ತಿಳಿಯಾಗಿರುತ್ತದೆ. ಕಾಳಿನ ಗಾತ್ರ ಹೇಗಿದ್ದರೂ ನಡೆಯುತ್ತದೆ.

ಸಾದಾ ಗಟ್ಟಿ ಸಿರಪ್ಪು, ಹಂತ ಹಂತವಾಗಿ

1. ಶೀಶೆಯಿಂದ ಆರಂಭಿಸಿ. ತೊಳೆದ ಶೀಶೆಗಳನ್ನು ಅಗಲ ಪಾತ್ರೆಯಲ್ಲಿ ಬಟ್ಟೆಯ ಮೇಲಿಟ್ಟು, ಮುಳುಗುವಷ್ಟು ತಣ್ಣೀರು ತುಂಬಿ, ಒಲೆಯ ಮೇಲಿಟ್ಟು, ಕುದಿ ಬಂದ ಮೇಲೆ ಹತ್ತು ನಿಮಿಷ ಬಿಡಿ. ಕುದಿಯುವ ನೀರಿಗೆ ತಣ್ಣನೆಯ ಶೀಶೆ ಹಾಕಿದರೆ ಒಡೆಯುತ್ತದೆ. ಆಮೇಲೆ ಬೋರಲು ಹಾಕಿ ಪೂರ್ತಿ ಒಣಗಿಸಿ. ಒಳಗೆ ನಾಲ್ಕು ಹನಿ ನೀರು ಉಳಿದರೂ ಅಲ್ಲಲ್ಲಿ ಸಿರಪ್ಪು ತೆಳುವಾಗುತ್ತದೆ, ಬೂಷ್ಟಿಗೆ ಅಷ್ಟು ಜಾಗ ಸಾಕು.

2. ಬರಿ ಪಾತ್ರೆಯನ್ನು ತೂಗಿ, ತೂಕವನ್ನು ಚೀಟಿಯಲ್ಲಿ ಬರೆದಿಡಿ. ಇದೊಂದು ಹಂತವನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಕೊನೆಗೆ ಹದ ತಿಳಿಯುವುದು ಈ ಚೀಟಿಯಿಂದಲೇ.

3. ಒಂದು ಕಿಲೋ ಸಕ್ಕರೆ, 550 ಗ್ರಾಂ ನೀರು ಹಾಕಿ ಸಣ್ಣ ಉರಿಯಲ್ಲಿಟ್ಟು, ಕಾಳೆಲ್ಲ ಕರಗುವವರೆಗೆ ನಿಧಾನವಾಗಿ ಕಲಕಿ. ಕರಗುವ ಮೊದಲು ಕುದಿ ಬರಬಾರದು. ಕುದಿ ಬಂದರೆ ಸಿಡಿದ ಹನಿಗಳು ಪಾತ್ರೆಯ ಗೋಡೆಯಲ್ಲಿ ಒಣಗಿ ಕಾಳಾಗುತ್ತವೆ, ಶೀಶೆಯೊಳಗೆ ಬಿದ್ದ ಅಂಥ ಒಂದೇ ಕಾಳಿನ ಸುತ್ತ ಹರಳು ಬೆಳೆಯಲು ತೊಡಗುತ್ತದೆ. ಗೋಡೆಗೆ ಅಂಟಿದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.

4. ಎಲ್ಲ ಕರಗಿದ ಮೇಲೆ ಎರಡು ಚಹಾ ಚಮಚ ಲಿಂಬೆರಸ ಸೇರಿಸಿ. ಹುಳಿ ಮತ್ತು ಕಾವು ಸೇರಿದಾಗ ಸಕ್ಕರೆಯ ಒಂದು ಪಾಲು ಗ್ಲೂಕೋಸ್, ಫ್ರಕ್ಟೋಸ್ ಎಂಬ ಎರಡು ಸರಳ ಸಕ್ಕರೆಗಳಾಗಿ ಒಡೆಯುತ್ತದೆ. ಈ ಮಿಶ್ರಣಕ್ಕೆ ಇನ್ವರ್ಟ್ ಸಕ್ಕರೆ ಎನ್ನುತ್ತಾರೆ. ಹರಳು ಕಟ್ಟಲು ಒಂದೇ ಬಗೆಯ ಕಣಗಳು ಸಾಲುಗೂಡಬೇಕು. ನಡುವೆ ಬೇರೆ ಬಗೆಯವು ಬಂದರೆ ಸಾಲು ಕೆಡುತ್ತದೆ. ಹಾಲಿನೊಡನೆ ಬೆರೆಸುವ ಉದ್ದೇಶವಿದ್ದರೆ ಲಿಂಬೆರಸ ಬಿಡಿ.

5. ಮುಚ್ಚಳ ಹಾಕಿ ಉರಿ ಸ್ವಲ್ಪ ಏರಿಸಿ, ಕುದಿ ಬಂದ ಮೇಲೆ ಎರಡು ನಿಮಿಷ ಬಿಟ್ಟು ಇಳಿಸಿ. ಮುಚ್ಚಳದಿಂದ ಇಳಿಯುವ ಆವಿಯ ನೀರು ಗೋಡೆಯಲ್ಲಿ ಉಳಿದ ಕಾಳನ್ನೂ ತೊಳೆಯುತ್ತದೆ.

6. ಈಗ ಪಾತ್ರೆಯನ್ನು ಮತ್ತೆ ತೂಗಿ. ಉದಾಹರಣೆಗೆ ಬರಿ ಪಾತ್ರೆ 840 ಗ್ರಾಂ ಇತ್ತೆನ್ನಿ. ಸಕ್ಕರೆ, ನೀರು ಸೇರಿ 1,550 ಗ್ರಾಂ. ಒಟ್ಟು 2,390 ಇರಬೇಕು. ತಕ್ಕಡಿ 2,320 ತೋರಿಸಿದರೆ 70 ಗ್ರಾಂ ನೀರು ಆವಿಯಾಗಿದೆ ಎಂದರ್ಥ. ಅಷ್ಟು ಕುದಿಸಿದ ನೀರನ್ನು ಸೇರಿಸಿ ಕಲಕಿ, ಇನ್ನೊಮ್ಮೆ ಬಿಸಿ ಮಾಡಿ. ಬೆರಳು, ಎಳೆ, ಹನಿ ಯಾವ ಪರೀಕ್ಷೆಯೂ ಇಷ್ಟು ನಿಖರವಾಗಿ ಹೇಳಲಾರದು. ಸಿಗುವ ಸಿರಪ್ಪು ಸುಮಾರು 1.2 ಲೀಟರ್.

7. ಬಿಸಿಯಿರುವಾಗಲೇ ಬಟ್ಟೆಯಲ್ಲಿ ಸೋಸಿ. ಕೊಳೆ ತೆಗೆಯಲು ಒಂದು ಚಮಚ ಹಾಲು ಹಾಕುವ ಪದ್ಧತಿ ತಿಂಡಿಯ ಪಾಕಕ್ಕೆ ಒಳ್ಳೆಯದು. ಇಟ್ಟುಕೊಳ್ಳುವ ಸಿರಪ್ಪಿಗೆ ನಾನು ಅದನ್ನು ಮಾಡುವುದಿಲ್ಲ, ಹಾಲಿನ ಅಂಶ ಉಳಿದು ಮುಂದೆ ಕೆಡಲು ಕಾರಣವಾಗಬಹುದು.

8. ಶೀಶೆಗೆ ತುಂಬುವಾಗ ಎರಡರಲ್ಲಿ ಒಂದು ದಾರಿ ಹಿಡಿಯಿರಿ. ಸಿರಪ್ಪು 85 ಡಿಗ್ರಿಗಿಂತ ಬಿಸಿ ಇರುವಾಗಲೇ ಬೆಚ್ಚಗಿನ ಶೀಶೆಗೆ ಕಂಠದವರೆಗೆ ತುಂಬಿ, ಮುಚ್ಚಿ, ಎರಡು ನಿಮಿಷ ಬೋರಲು ಹಿಡಿದು ಇಡಬಹುದು. ಅಥವಾ ಪೂರ್ತಿ ತಣ್ಣಗಾಗುವವರೆಗೆ ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿಟ್ಟು, ಆಮೇಲೆ ತುಂಬಿ ಮುಚ್ಚಬಹುದು. ಕೆಡುವುದು ನಡುದಾರಿಯಲ್ಲಿ: ಬಿಸಿ ಸಿರಪ್ಪನ್ನು ಅರ್ಧ ಶೀಶೆ ತುಂಬಿ ಮುಚ್ಚಳ ಬಿಗಿದರೆ ಆವಿ ಮುಚ್ಚಳದ ಕೆಳಗೆ ನೀರಾಗಿ, ಹನಿ ಹನಿಯಾಗಿ ಮೇಲ್ಮೈಗೆ ಬೀಳುತ್ತದೆ. ಕೆಳಗೆ 64 ಬ್ರಿಕ್ಸ್ ಇದ್ದರೂ ಮೇಲಿನ ತೆಳು ಪದರ ಬರಿ ಸಕ್ಕರೆ ನೀರು. ಬೂಷ್ಟು ಮೇಲೆಯೇ ಕಾಣಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ತಣ್ಣಗಾದ ಸಿರಪ್ಪನ್ನು ಇನ್ನೊಂದು ರೀತಿಯಲ್ಲೂ ಪರೀಕ್ಷಿಸಬಹುದು. ಅಳತೆಯ ಗುರುತು ಹಾಕಿದ ಲೋಟದಲ್ಲಿ ಸರಿಯಾಗಿ 100 ಮಿಲಿಲೀಟರ್ ಅಳೆದು ತೂಗಿ. ತೆಳು ಸಿರಪ್ಪು ಸುಮಾರು 123 ಗ್ರಾಂ, ಗಟ್ಟಿ ಸಿರಪ್ಪು ಸುಮಾರು 131 ಗ್ರಾಂ ತೂಗುತ್ತದೆ. ಅಂಗಡಿಯಿಂದ ತಂದ ಸಿರಪ್ಪಿಗೂ ಇದೇ ಪರೀಕ್ಷೆ ನಡೆಯುತ್ತದೆ. ಕೆಲವೊಮ್ಮೆ ಫಲಿತಾಂಶ ಮುಖ ಸಿಂಡರಿಸುವಂತಿರುತ್ತದೆ.

ತೆಳು ಸಿರಪ್ಪಿನ ವಿಷಯ ಚಿಕ್ಕದು. ಸಕ್ಕರೆ, ನೀರು ಸಮತೂಕ ಹಿಡಿದು ಕರಗಿಸಿದರೆ ಮುಗಿಯಿತು. ಕುದಿಸಿ ಆರಿಸಿದ ನೀರಿಗೆ ಸಕ್ಕರೆ ಹಾಕಿ ಶೀಶೆಯಲ್ಲಿ ಕುಲುಕಿದರೆ ಒಲೆಯೂ ಬೇಡ. ಒಂದು ಕಿಲೋ ಸಕ್ಕರೆಗೆ 1.6 ಲೀಟರ್ ಸಿಗುತ್ತದೆ. ಆದರೆ ಇದನ್ನು ಫ್ರಿಜ್ಜಿನಲ್ಲೇ ಇಡಬೇಕು, ಮೂರು ವಾರದೊಳಗೆ ಮುಗಿಸಬೇಕು.

ಸೊಗದೆ ಬೇರಿನ ಸಿರಪ್ಪು

ಕಾಸರಗೋಡಿನ ಗೂಡಂಗಡಿಗಳಲ್ಲಿ ಸೋಡಾ ಶರಬತ್ತಿಗೆ ಹಾಕುವ ಕಂದು ಸಿರಪ್ಪು ಇದೇ. ಕನ್ನಡದಲ್ಲಿ ಸೊಗದೆ ಬೇರು, ನಾಮದ ಬೇರು. ಮಲಯಾಳದಲ್ಲಿ ನನ್ನಾರಿ, ನರುನೀಂಡಿ. ಅಂಗಡಿಗೆ ಹೋದಾಗ ನನ್ನಾರಿ ಎಂದು ಕೇಳಿದರೆ ಬೇಗ ಸಿಗುತ್ತದೆ. ತಮಿಳುನಾಡು, ಆಂಧ್ರದ ಕಡೆಯಿಂದ ಬರುವ ದಪ್ಪ ಮಾಕಳಿ ಬೇರು ಬೇರೆ ಗಿಡದ್ದು. ಪರಿಮಳದ ಮೂಲವಸ್ತು ಒಂದೇ ಆದ್ದರಿಂದ ಅದರಿಂದಲೂ ಸಿರಪ್ಪು ಆಗುತ್ತದೆ, ಆದರೆ ನನಗೆ ಅದರ ಘಾಟು ಉಪ್ಪಿನಕಾಯಿಗೇ ಸರಿಯೆನಿಸುತ್ತದೆ.

ಗುಡ್ಡೆಯಿಂದ ಅಗೆದು ತರುವವರಿಗೆ ಒಂದು ಎಚ್ಚರಿಕೆ. ಹಾಲು ಸುರಿಸುವ ಬಳ್ಳಿಗಳು ನಮ್ಮ ಗುಡ್ಡೆಗಳಲ್ಲಿ ಹಲವು, ಅವುಗಳಲ್ಲಿ ವಿಷದವೂ ಇವೆ. ಎಲೆ ನೋಡಿ ತೀರ್ಮಾನಿಸಬೇಡಿ. ಗಿಡವನ್ನು ಬಲ್ಲವರು ಜೊತೆಗಿಲ್ಲದಿದ್ದರೆ ಅಂಗಡಿಯ ಬೇರೇ ಲೇಸು.

ಪರಿಮಳವಿರುವುದು ಬೇರಿನ ತೊಗಟೆಯಲ್ಲಿ. ಒಳಗಿನ ಹಳದಿ ಬಣ್ಣದ ನಾರುಕಡ್ಡಿಯಲ್ಲಿ ಏನೂ ಇಲ್ಲ. ಒಣ ಬೇರನ್ನು ಮಣ್ಣು ಹೋಗುವವರೆಗೆ ತೊಳೆದು, ಒಂದು ಗಂಟೆ ನೀರಿನಲ್ಲಿಟ್ಟು ಕಲ್ಲಿನ ಮೇಲೆ ಮೆಲ್ಲನೆ ಜಜ್ಜಿ. ಗೆಣ್ಣಿನ ಹತ್ತಿರ ಒಂದು ಪೆಟ್ಟು ಬಿದ್ದ ಕೂಡಲೇ ಕಪ್ಪು ತೊಗಟೆ ಸೀಳಿ, ಅದರ ಒಳಮೈ ಬೆಳ್ಳಗೆ ಕಾಣುತ್ತದೆ. ತುದಿ ಹಿಡಿದು ಎಳೆದರೆ ಕಡ್ಡಿ ನೂಲಿನಂತೆ ಈಚೆ ಬರುತ್ತದೆ. ಹತ್ತು ಬೇರು ಮುಗಿಯುವಷ್ಟರಲ್ಲಿ ಕೈಗೆ ಅಂಟಿದ ಪರಿಮಳ ಎರಡು ಸಲ ಸಾಬೂನು ಹಾಕಿದರೂ ಹೋಗುವುದಿಲ್ಲ. ಹೋದರೆ ಬೇರು ಹಳೆಯದು, ಬೇರೆ ತನ್ನಿ.

ನೂರು ಗ್ರಾಂ ಬೇರಿನಿಂದ ಸಿಕ್ಕ ತೊಗಟೆಯನ್ನು ಒಂದು ಲೀಟರ್ ಬೆಚ್ಚನೆಯ ನೀರಿನಲ್ಲಿ ರಾತ್ರಿಯಿಡೀ ಮುಚ್ಚಿಡಿ. ಬೆಳಗ್ಗೆ ಅದೇ ನೀರಿನೊಂದಿಗೆ ಒಲೆಯ ಮೇಲಿಟ್ಟು, ಮುಚ್ಚಳ ತೆಗೆಯದೆ, ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬಿಟ್ಟು ಉರಿ ಆರಿಸಿ. ಪೂರ್ತಿ ತಣ್ಣಗಾಗುವವರೆಗೂ ಮುಚ್ಚಳ ಹಾಗೆಯೇ ಇರಲಿ. ಈ ಬೇರಿನ ಪರಿಮಳದ ವಸ್ತು ವೆನಿಲ್ಲಾದ ಪರಿಮಳಕ್ಕೆ ಒಡಹುಟ್ಟಿದಂಥದ್ದು, ಆವಿಯೊಂದಿಗೆ ಸುಲಭವಾಗಿ ಹಾರಿಹೋಗುತ್ತದೆ. ಲೀಟರ್ ನೀರು ಕಾಲು ಲೀಟರಿಗೆ ಇಳಿಯುವವರೆಗೆ ಕಷಾಯದಂತೆ ಬತ್ತಿಸಿದರೆ ಅಡುಗೆಮನೆ ತುಂಬ ಘಮಘಮಿಸುತ್ತದೆ, ಪಾತ್ರೆಯಲ್ಲಿ ಕಹಿ ಮಾತ್ರ ಉಳಿಯುತ್ತದೆ. ಪರಿಮಳ ಬರುವುದಿಲ್ಲವೆಂದು ಕೇಳುವವರಿಗೆಲ್ಲ ಇದೇ ಉತ್ತರ.

ತಣ್ಣಗಾದದ್ದನ್ನು ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸಿ, ಒಂದು ಗಂಟೆ ತಂಗಲು ಬಿಟ್ಟು, ತಳದ ಗಸಿ ಬಿಟ್ಟು ತಿಳಿಯನ್ನು ಬಗ್ಗಿಸಿಕೊಂಡು ತೂಗಿ. ತಿಳಿಯ ತೂಕದ 1.8 ಪಟ್ಟು ಸಕ್ಕರೆ ಬೇಕು. ಅಂದರೆ 900 ಗ್ರಾಂ ತಿಳಿಗೆ 1,620 ಗ್ರಾಂ. ಎರಡು ಚಮಚ ಲಿಂಬೆರಸ ಸೇರಿಸಿ, ಮುಚ್ಚಿದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಕರಗಿಸಿ. ಇಲ್ಲಿ ಕುದಿಸುವುದು ಬೇಡ. ಅಂಚಿನಲ್ಲಿ ಸಣ್ಣ ಗುಳ್ಳೆಗಳು ಏಳತೊಡಗಿದ ಕೂಡಲೇ ಇಳಿಸಿ, ಬಿಸಿಯಾಗಿಯೇ ಶೀಶೆಗೆ ತುಂಬಿ.

ಹೀಗೆ ಮಾಡಿದ ಸಿರಪ್ಪು ತಿಳಿಗಂದು ಬಣ್ಣದ್ದು. ಅಂಗಡಿಯ ಕಡುಗಂದು ಬಹುಮಟ್ಟಿಗೆ ಕರಕಲು ಸಕ್ಕರೆಯ ಬಣ್ಣ. ನಿಮಗೂ ಅದು ಬೇಕಿದ್ದರೆ 50 ಗ್ರಾಂ ಸಕ್ಕರೆಯನ್ನು ಬೇರೆ ಪಾತ್ರೆಯಲ್ಲಿ ನೀರಿಲ್ಲದೆ ಕಾಸಿ, ಕೆಂಪಗೆ ಕರಗಿದಾಗ ಅರ್ಧ ಲೋಟ ಬಿಸಿನೀರು ಹಾಕಿ ಕರಗಿಸಿ ಸೇರಿಸಬಹುದು. ನೀರು ಹಾಕುವಾಗ ಜೋರಾಗಿ ಸಿಡಿಯುತ್ತದೆ, ಮುಖ ದೂರವಿರಲಿ, ಮಕ್ಕಳು ಇನ್ನೂ ದೂರವಿರಲಿ.

ಪುನರ್ಪುಳಿ ಸಿರಪ್ಪು

ಉತ್ತರ ಕನ್ನಡದವರ ಮುರುಗಲು, ಮರಾಠಿಗರ ಕೋಕಮ್ ನಮ್ಮಲ್ಲಿ ಪುನರ್ಪುಳಿ. ಹಣ್ಣು ಏಪ್ರಿಲ್, ಮೇ ತಿಂಗಳಲ್ಲಿ ಬರುತ್ತದೆ, ಮಳೆ ಹಿಡಿಯುವುದರೊಳಗೆ ಕೆಲಸ ಮುಗಿಸಬೇಕು. ಮಳೆನೀರು ಕುಡಿದ ಹಣ್ಣಿನ ಸಿರಪ್ಪು ಹೆಚ್ಚು ದಿನ ನಿಲ್ಲುವುದಿಲ್ಲ. ಪೇಟೆಯಲ್ಲಿ ಬರಿದೇ ಪುಳಿ ಎಂದು ಕೇಳಿದರೆ ಹೊಗೆಯಲ್ಲಿ ಒಣಗಿಸಿದ ಕಪ್ಪು ಕುಡಂಪುಳಿ ಕೈಗೆ ಬರಬಹುದು. ಅದು ಮೀನಿನ ಸಾರಿಗೆ ಹಾಕುವಂಥದ್ದು, ನಾವು ಉಪ್ಪಾಗೆ ಎನ್ನುವ ಬೇರೆ ಮರದ ಸಿಪ್ಪೆ. ಮಲಯಾಳದಲ್ಲಿ ಕೇಳುವುದಾದರೆ ಪುನಂಪುಳಿ ಎನ್ನಿ.

1. ಕಡುಗೆಂಪಾಗಿ ಹಣ್ಣಾದವನ್ನು ಮಾತ್ರ ಆರಿಸಿ, ತೊಳೆದು, ಒಂದೊಂದನ್ನೂ ಬಟ್ಟೆಯಲ್ಲಿ ಒರೆಸಿ. ಗಾಯವಾದ ಒಂದು ಹಣ್ಣು ಇಡೀ ಭರಣಿಯನ್ನು ಹುಳಿಸಬಲ್ಲದು.

2. ಅಡ್ಡಕ್ಕೆ ಎರಡು ಹೋಳು ಮಾಡಿ ಬೀಜ, ಬೀಜಕ್ಕಂಟಿದ ತಿರುಳು ತೆಗೆಯಿರಿ. ತಿರುಳನ್ನು ಆ ದಿನದ ಶರಬತ್ತಿಗೆ ಬಳಸಿ. ಬೀಜವನ್ನು ಎಸೆಯಬೇಡಿ, ಅದರಿಂದ ತೆಗೆಯುವ ತುಪ್ಪ ಹಿಮ್ಮಡಿಯ ಒಡಕಿಗೆ ಒಳ್ಳೆಯದು.

3. ಒಂದು ಕಿಲೋ ಸಿಪ್ಪೆಗೆ ಎರಡು ಕಿಲೋ ಸಕ್ಕರೆ. ಪಿಂಗಾಣಿ ಅಥವಾ ಗಾಜಿನ ಭರಣಿಯ ತಳದಲ್ಲಿ ಸಕ್ಕರೆ ಹರಡಿ, ಬಟ್ಟಲಿನಂತಿರುವ ಸಿಪ್ಪೆಗಳನ್ನು ಬಾಯಿ ಮೇಲಾಗಿ ಒತ್ತಾಗಿ ಕೂರಿಸಿ, ಪ್ರತಿ ಬಟ್ಟಲಿಗೂ ಸಕ್ಕರೆ ತುಂಬಿ, ಮತ್ತೆ ಸಾಲು. ಮೇಲ್ಪದರ ಸಕ್ಕರೆಯದೇ ಆಗಿರಬೇಕು. ಭರಣಿಯ ಮುಕ್ಕಾಲು ಪಾಲಿಗಿಂತ ಹೆಚ್ಚು ತುಂಬಬೇಡಿ.

4. ಬಾಯಿಗೆ ಬಟ್ಟೆ ಕಟ್ಟಿ, ಹಗಲು ಅಂಗಳದ ಬಿಸಿಲಿನಲ್ಲಿ, ಸಂಜೆ ಒಳಗೆ. ಸಕ್ಕರೆ ಸಿಪ್ಪೆಯೊಳಗಿನ ನೀರನ್ನು ಎಳೆದುಕೊಂಡು ತಾನೇ ಕರಗುತ್ತದೆ, ಒಂದು ಹನಿ ನೀರು ಸೇರಿಸುವ ಅಗತ್ಯವಿಲ್ಲ. ದಿನಕ್ಕೊಮ್ಮೆ ಒಣ ಮರದ ಸೌಟಿನಿಂದ ಬುಡದಿಂದ ಮೇಲಕ್ಕೆ ಮಗುಚಿ. ಎರಡನೆಯ ದಿನವೇ ಬಣ್ಣದ ರಸ ಕಾಣುತ್ತದೆ. ಏಳೆಂಟು ದಿನಕ್ಕೆ ಸಿಪ್ಪೆ ಮುದುಡಿ ರಸದಲ್ಲಿ ತೇಲುತ್ತದೆ.

5. ಸೋಸಿ. ಹಿಂಡಬೇಡಿ, ಹಿಂಡಿದರೆ ರಸ ಮಸುಕಾಗುತ್ತದೆ. ತಳದಲ್ಲಿ ಕರಗದ ಸಕ್ಕರೆ ಉಳಿದಿದ್ದರೆ ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ. ನೇರ ಉರಿಗೆ ಇಟ್ಟರೆ ಆ ಕೆಂಪು ಕಂದಿಗೆ ತಿರುಗುತ್ತದೆ.

ಮೊದಲ ನಾಲ್ಕು ದಿನ ಸಕ್ಕರೆ ಪೂರ್ತಿ ಕರಗದೆ ಮೇಲಿನ ರಸ ತೆಳುವಾಗಿರುವುದರಿಂದ ಹುದುಗುವ ಅಪಾಯ ಆಗಲೇ ಹೆಚ್ಚು. ನೊರೆ, ಹೆಂಡದ ವಾಸನೆ ಬಂದರೆ ಕೂಡಲೇ ಸಕ್ಕರೆ ಸೇರಿಸಿ ಮಗುಚಿ ಬಿಸಿಲಿಗಿಡುವುದಕ್ಕಿಂತ, ಆ ಭರಣಿಯನ್ನು ಬಿಟ್ಟುಬಿಡುವುದೇ ಮೇಲು. ಒಮ್ಮೆ ಅವಸರದಲ್ಲಿ ನಾಲ್ಕನೆಯ ದಿನವೇ ಸೋಸಿ ಮುಚ್ಚಳ ಬಿಗಿದಿಟ್ಟ ಶೀಶೆ ನಡುರಾತ್ರಿ ಸಿಡಿದು, ಸುಣ್ಣ ಬಳಿದ ಗೋಡೆಯ ಮೇಲೆ ಕೆಂಪು ಚೆಲ್ಲಿತ್ತು. ಸುಣ್ಣ ತಾಗಿದ ಆ ಕೆಂಪು ಬೆಳಗಾಗುವಷ್ಟರಲ್ಲಿ ನೀಲಿಗಪ್ಪಾಗಿತ್ತು. ಹುಳಿಯಿದ್ದಷ್ಟು ಹೊತ್ತು ಮಾತ್ರ ಪುನರ್ಪುಳಿ ಕೆಂಪು, ಕ್ಷಾರ ಸೋಂಕಿದರೆ ಬಣ್ಣ ಬದಲಾಗುತ್ತದೆ. ಆದ್ದರಿಂದ ಅಡುಗೆ ಸೋಡಾ ತಾಗಿದ ಚಮಚವನ್ನೂ ಇದಕ್ಕೆ ಹಾಕಬೇಡಿ. ಗಂಧಕದ ಸಂರಕ್ಷಕ ಪುಡಿಯೂ ಇದರ ಬಣ್ಣವನ್ನು ಹೀರಿಬಿಡುತ್ತದೆ.

ಋತು ದಾಟಿದ ಮೇಲೆ ಒಣ ಸಿಪ್ಪೆಯಿಂದಲೂ ಮಾಡಬಹುದು. ಇನ್ನೂರು ಗ್ರಾಂ ಸಿಪ್ಪೆಯನ್ನು ಒಂದು ಲೀಟರ್ ಬಿಸಿನೀರಿನಲ್ಲಿ ನಾಲ್ಕು ಗಂಟೆ ನೆನೆಸಿ, ಕಿವಿಚಿ, ಸೋಸಿ, ರಸದ 1.8 ಪಟ್ಟು ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ. ಉಪ್ಪು ಹಾಕಿ ಒಣಗಿಸಿದ ಸಿಪ್ಪೆಯೇ ಎಂದು ಮೊದಲು ನಾಲಿಗೆಗೆ ಮುಟ್ಟಿಸಿ ನೋಡಿ.

ಉಳಿದ ರುಚಿಗಳು

ಶುಂಠಿ. ಕಾಲು ಕಿಲೋ ಹಸಿ ಶುಂಠಿಯ ಸಿಪ್ಪೆ ಕೆರೆದು, ಇನ್ನೂರು ಗ್ರಾಂ ನೀರು ಹಾಕಿ ಅರೆದು, ಹಿಂಡಿ, ರಸವನ್ನು ಅರ್ಧ ಗಂಟೆ ಅಲುಗಾಡಿಸದೆ ಇಡಿ. ತಳದಲ್ಲಿ ಬೆಳ್ಳಗೆ ಕೂರುವುದು ಶುಂಠಿಯ ಹಿಟ್ಟು; ಅದನ್ನು ಸೇರಿಸಿ ಕಾಸಿದರೆ ಸಿರಪ್ಪು ಗಂಜಿಯಂತಾಗುತ್ತದೆ. ಮೇಲಿನ ತಿಳಿಯನ್ನು ತೂಗಿ, ಅದನ್ನು ನೀರಿನ ಲೆಕ್ಕಕ್ಕೇ ಹಿಡಿದು ಸಾದಾ ಸಿರಪ್ಪಿನ ಕ್ರಮದಲ್ಲಿ ಮಾಡಿ.

ಲಿಂಬೆ. ಒಂದು ಕಿಲೋ ಸಕ್ಕರೆಯನ್ನು 400 ಗ್ರಾಂ ನೀರಿನಲ್ಲಿ ಕರಗಿಸಿ ಒಂದು ಕುದಿ ತಂದು ಇಳಿಸಿ. ಕೈ ತಾಳುವಷ್ಟು ಬಿಸಿಯಾದ ಮೇಲೆ 250 ಗ್ರಾಂ ಸೋಸಿದ ಲಿಂಬೆರಸ ಬೆರೆಸಿ. ರಸವನ್ನು ಕುದಿಸಿದರೆ ಹಸಿ ಲಿಂಬೆಯ ಪರಿಮಳ ಹೋಗಿ ಕಹಿ ಬರುತ್ತದೆ. ಹಿಂಡುವ ರಭಸದಲ್ಲಿ ಬೀಜ ಜಜ್ಜಿದರೂ ಕಹಿಯೇ. ಇದು ಫ್ರಿಜ್ಜಿನ ಸಿರಪ್ಪು.

ಏಲಕ್ಕಿಯ ಕೆಲಸ ಇನ್ನೂ ಸುಲಭ: ಲೀಟರಿಗೆ ಹತ್ತು ಗ್ರಾಂ ಏಲಕ್ಕಿಯನ್ನು ಸಿಪ್ಪೆ ಸಹಿತ ಕುಟ್ಟಿ, ಉರಿ ಆರಿಸಿದ ಸಾದಾ ಸಿರಪ್ಪಿಗೆ ಹಾಕಿ ಮುಚ್ಚಿ, ಒಂದು ಗಂಟೆಯ ಮೇಲೆ ಸೋಸಿ. ಲಾವಂಚದ ಬೇರನ್ನು ಕುದಿಸುವುದೇ ಬೇಡ. 25 ಗ್ರಾಂ ಬೇರನ್ನು ಮಣ್ಣು ಹೋಗುವವರೆಗೆ ನಾಲ್ಕೈದು ನೀರಿನಲ್ಲಿ ತೊಳೆದು, ಕುದಿಸಿ ಆರಿಸಿದ ನೀರಿನಲ್ಲಿ ರಾತ್ರಿಯಿಡೀ ಇಟ್ಟು, ಆ ನೀರಿನಿಂದಲೇ ಸಿರಪ್ಪು ಮಾಡಿ.

ಗೇರುಹಣ್ಣಿನ ರಸಕ್ಕೆ ಗಂಟಲು ಕೆರೆಯುವ ಒಗರು ಇದೆ. ಲೀಟರ್ ರಸಕ್ಕೆ ಐದು ಗ್ರಾಂ ಸಾಬಕ್ಕಿಯನ್ನು ಪುಡಿ ಮಾಡಿ, ಸ್ವಲ್ಪ ನೀರಿನಲ್ಲಿ ಅಂಟಾಗಿ ಬೇಯಿಸಿ, ಆರಿಸಿ, ರಸಕ್ಕೆ ಕಲಕಿ ಹನ್ನೆರಡು ಗಂಟೆ ಇಟ್ಟರೆ ಒಗರು ತಳಕ್ಕಿಳಿದು ಮೇಲೆ ತಿಳಿ ನಿಲ್ಲುತ್ತದೆ. ಫ್ರಿಜ್ಜಿನಲ್ಲೇ ಇಡಿ, ಹೊರಗಿಟ್ಟರೆ ಆ ಹನ್ನೆರಡು ಗಂಟೆಯಲ್ಲೇ ಹುಳಿಯುತ್ತದೆ. ತಿಳಿಗೆ 1.8 ಪಟ್ಟು ಸಕ್ಕರೆ, ಸ್ವಲ್ಪ ಲಿಂಬೆರಸ.

ಬೆಲ್ಲದ ಸಿರಪ್ಪು ಕೇಳುವವರು ಬಹಳ. ಒಂದು ಕಿಲೋ ಬೆಲ್ಲವನ್ನು ಅರ್ಧ ಲೀಟರ್ ನೀರಿನಲ್ಲಿ ಕರಗಿಸಿ, ಮರಳು, ಕಬ್ಬಿನ ಸಿಪ್ಪೆ ಹೋಗುವಂತೆ ಸೋಸಿ, ಮತ್ತೊಂದು ಕುದಿ ತಂದರಾಯಿತು. ಆದರೆ ಬೆಲ್ಲದ ಗುಣ ಅಚ್ಚಿನಿಂದ ಅಚ್ಚಿಗೆ ಬೇರೆ, ಅದರಲ್ಲಿರುವ ತೇವವೂ ಬೇರೆ. ಬ್ರಿಕ್ಸಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಎರಡು ವಾರಕ್ಕೆ ಸಾಕಾಗುವಷ್ಟೇ ಮಾಡಿ ಫ್ರಿಜ್ಜಿನಲ್ಲಿಡಿ. ಪಾನಕಕ್ಕೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ, ಹಾಲಿಗೆ ಹಾಕಿದರೆ ಒಡೆಯಬಹುದು.

ಇಡುವುದು ಮತ್ತು ರಿಪೇರಿ

64 ಬ್ರಿಕ್ಸಿನ ಸಕ್ಕರೆ ಸೂಕ್ಷ್ಮಜೀವಿಗಳನ್ನು ಕೊಲ್ಲುವುದಿಲ್ಲ. ನೀರನ್ನೆಲ್ಲ ತಾನು ಹಿಡಿದಿಟ್ಟುಕೊಂಡು ಅವುಗಳಿಗೆ ಸಿಗದಂತೆ ಮಾಡುತ್ತದೆ, ಅಷ್ಟೆ. ಸಾದಾ, ಸೊಗದೆ ಬೇರು, ಪುನರ್ಪುಳಿ ಈ ಮೂರನ್ನು ಮುಚ್ಚಳ ತೆರೆಯದ ಶೀಶೆಯಲ್ಲಿ ನೆರಳಿಗೆ ಕೆಲವು ತಿಂಗಳು ಇಡಬಹುದು. ಮುಚ್ಚಳ ತೆರೆದ ಮೇಲೆ ಫ್ರಿಜ್ಜು ಒಳ್ಳೆಯದು. ಜೂನ್‌ನಿಂದ ಆಚೆಗೆ, ಉಪ್ಪಿನ ಭರಣಿಯೇ ನೀರೊಡೆಯುವ ನಮ್ಮ ಮಳೆಗಾಲದಲ್ಲಿ, ಯಾವ ಶೀಶೆಯನ್ನೂ ತೆರೆದಿಟ್ಟು ಆಚೆ ಹೋಗಬೇಡಿ. ಒದ್ದೆ ಚಮಚ ಅದ್ದುವುದಂತೂ ಬೇಡವೇ ಬೇಡ, ಸುರಿದುಕೊಳ್ಳಿ.

ಹರಳು ಕಟ್ಟಿದರೆ ಗಾಬರಿ ಬೇಡ. ಶೀಶೆಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ, ಲೀಟರಿಗೆ 30–40 ಗ್ರಾಂ ಕುದಿಸಿದ ನೀರು, ಒಂದು ಚಮಚ ಲಿಂಬೆರಸ ಸೇರಿಸಿ ಮತ್ತೊಮ್ಮೆ ಕಾಸಿ. ತೆಳುವಾಗಿದ್ದರೆ ಮುಚ್ಚಳ ತೆಗೆದು ಕಾಸಿ, 100 ಮಿಲಿಲೀಟರಿನ ತೂಕ ನೋಡುತ್ತಾ ಬನ್ನಿ. ಬಿಸಿಯಲ್ಲಿ ತೂಕ ಕಡಿಮೆ ತೋರುವುದರಿಂದ ತಣಿಸಿಯೇ ತೂಗಬೇಕು. ಬೂಷ್ಟು ಬಂದದ್ದಕ್ಕೆ ರಿಪೇರಿ ಇಲ್ಲ. ಮೇಲಿನ ಕೆನೆ ತೆಗೆದು ಉಳಿದದ್ದನ್ನು ಕುದಿಸಿದರಾಯಿತು ಎನ್ನುವವರು ಇದ್ದಾರೆ. ಬೂಷ್ಟಿನ ಬೇರು, ಅದು ಬಿಟ್ಟ ವಿಷ ಕಣ್ಣಿಗೆ ಕಾಣುವಲ್ಲಿಗೇ ನಿಂತಿರುವುದಿಲ್ಲ. ಚೆಲ್ಲಿಬಿಡಿ.

ಲೋಟಕ್ಕೆ ಎಷ್ಟು

ಇನ್ನೂರು ಮಿಲಿಲೀಟರಿನ ಲೋಟಕ್ಕೆ 25 ಮಿಲಿಲೀಟರ್ ಗಟ್ಟಿ ಸಿರಪ್ಪು ಹಾಕಿದರೆ ಸುಮಾರು 21 ಗ್ರಾಂ ಸಕ್ಕರೆ ಹೋದಂತೆ; ಸಕ್ಕರೆ ಕಾಯಿಲೆಯವರು ಇರುವ ಮನೆಗಳಲ್ಲಿ ಈ ಲೆಕ್ಕ ನೆನಪಿರಲಿ. ತೆಳು ಸಿರಪ್ಪು ನಾಲ್ಕು ಚಮಚ ಎಂದಿರುವಲ್ಲಿ ಗಟ್ಟಿಯದು ಮೂರು ಚಮಚ ಸಾಕು. ಪುನರ್ಪುಳಿಗೆ ಒಂದು ಪಾಲು ಸಿರಪ್ಪು, ಐದು ಪಾಲು ನೀರು, ಒಂದು ಚಿಟಿಕೆ ಉಪ್ಪು, ಹುರಿದ ಜೀರಿಗೆಯ ಪುಡಿ.

ಸೋಡಾ ಶರಬತ್ತಿಗೆ ಕ್ರಮ ಮುಖ್ಯ. ಮೊದಲು ಸೊಗದೆ ಸಿರಪ್ಪು, ಅದರ ಮೇಲೆ ಅರ್ಧ ಲಿಂಬೆಯ ರಸ, ನೆನೆದು ಉಬ್ಬಿದ ಕಾಮಕಸ್ತೂರಿ ಬೀಜ ಒಂದು ಚಮಚ, ಎರಡು ತುಂಡು ಮಂಜು; ಇವನ್ನು ಚೆನ್ನಾಗಿ ಕಲಕಿದ ಮೇಲೆ ಲೋಟವನ್ನು ಓರೆ ಹಿಡಿದು ಸೋಡಾವನ್ನು ಗೋಡೆಯಗುಂಟ ನಿಧಾನವಾಗಿ ಇಳಿಸಿ. ಸೋಡಾ ಮೊದಲು ಹಾಕಿ ಸಿರಪ್ಪು ಮೇಲೆ ಸುರಿದರೆ ಗಾಳಿಯೆಲ್ಲ ನೊರೆಯಾಗಿ ಹೊರಗೆ ಹೋಗುತ್ತದೆ, ಮೇಜು ಒರೆಸುವ ಕೆಲಸ ಬೇರೆ. ಆಮೇಲೆ ಕಲಕುವ ಚಮಚವೂ ಬೇಡ; ಸೋಡಾ ಇಳಿಯುವಾಗಲೇ ತಳದ ಸಿರಪ್ಪು ತಾನಾಗಿ ಏಳುತ್ತದೆ.